ಶೇವಂತೆವ್ವನ ಹಾಜರಿ

ನನ್ನ ಹೆಸರು ನೀಲಪ್ಪ ತಂದೆ ಹನುಮಪ್ಪ, ವಯಸ್ಸು 31 ವರ್ಷ, ಉದ್ಯೋಗ ಖಾಸಗಿ ಅನುದಾನಿತ ಪ್ರಾಥಮಿಕ ಶಾಲೆಯಲ್ಲಿ ಸಹಾಯಕ ಶಿಕ್ಷಕ, ಸಾಕಿನ್ ಕರೆಮಟ್ಟಿ, ತಾಲೂಕು ಧಾರವಾಡ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಶಾಲೆ ಮುಗದದಿಂದ ಎರಡೂವರೆ ಮೈಲು ಒಳಗಿದೆ. ಮುಖ್ಯ ಶಿಕ್ಷಕರು ಬಿಂದುಮಾಧವ ಮಾಸ್ತರರು, ಎರಡನೆಯವನು ನಾನು. ಮೂರನೆಯವರಿಲ್ಲ. ಪಟ್ಟಿಯಲ್ಲಿ ನಲವತ್ತು ಮಕ್ಕಳಿದ್ದರೆ ಇಬ್ಬರ ಪಗಾರಕ್ಕೆ ಸರಕಾರದ ಅನುದಾನ ಬರುತ್ತದೆ. ಮೂವತ್ತೊಂಬತ್ತಾದರೆ ಒಬ್ಬರದಕ್ಕೆ ಮಾತ್ರ. ನಾನು ಎಂಬತ್ತು ರೂಪಾಯಿಗೆ ಸಹಿ ಮಾಡಿ ಐವತ್ತೈದು ತೆಗೆದುಕೊಳ್ಳುತ್ತೇನೆ. ಉಳಿದದ್ದನ್ನು ನಾನು ಸಂತೋಷದಿಂದ ಶಾಲೆಯ ಕಟ್ಟಡಕ್ಕೆ ಕೊಟ್ಟಿದ್ದೇನೆಂದು ಬರೆದಿರುತ್ತದೆ. ಆರು ವರ್ಷವಾಯಿತು, ಶಾಲೆ ಇನ್ನೂ ಊರ ಚಾವಡಿಯಲ್ಲೇ ನಡೆಯುತ್ತಿದೆ. ಇದು ಈ ಪ್ರಕರಣಕ್ಕೆ ಸಂಬಂಧವಿಲ್ಲ ಎಂದು ಜಮಾದಾರರು ಹೇಳಿದರು. ಆದರೂ ಬರೆಯಿಸುತ್ತಿದ್ದೇನೆ.

ಕಳೆದ ಜುಲೈ 9ರಂದು ಎರಡನೆಯ ಇಯತ್ತೆಯ ಶೇವಂತೆವ್ವ, ವಯಸ್ಸು 8, ವಿಷಮಜ್ವರದಿಂದ ತೀರಿಕೊಂಡಳು. ಅವಳ ತಾಯಿ ಸತ್ಯವ್ವ ನಮ್ಮ ಶಾಲೆಗೆ ನೀರು ತರುವವಳು. ನಾನೂ ಮಣ್ಣಿಗೆ ಹೋಗಿದ್ದೆ. ಆ ಹುಡುಗಿ ಸೇರಿ ಪಟ್ಟಿ ಸರಿಯಾಗಿ ನಲವತ್ತಿತ್ತು. ಮರುದಿನ ಮುಖ್ಯ ಶಿಕ್ಷಕರು ಹೆಸರು ಹೊಡೆಯುವುದು ಬೇಡ, ಹೊಸಬರು ಸೇರುವ ತನಕ ಇರಲಿ ಎಂದರು. ಯಾರೂ ಸೇರಲಿಲ್ಲ. ಐದು ತಿಂಗಳು ನಾನು ಅವಳ ಹೆಸರು ಕೂಗದೆ, ಮುಂದೆ ‘ಹಾ’ ಎಂದು ಮಾತ್ರ ಬರೆಯುತ್ತ ಬಂದೆ. ಸುಳ್ಳಾಡಬಾರದೆಂಬ ಪಾಠ ಮಾಡಿ ಆಮೇಲೆ ಈ ಕೆಲಸ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಮನೆಯಲ್ಲಿ ಉಣ್ಣುವವರು ಐದು ಜನ, ಹಾಗಾಗಿ ತಿಂದೆ.

ಡಿಸೆಂಬರ್ 12, ಬುಧವಾರ ಶಿಕ್ಷಣ ಇಲಾಖೆಯ ತಪಾಸಣೆ ಇತ್ತು. ಸಾಹೇಬರ ಮುಂದೆ ಹೆಸರು ಕೂಗಲೇಬೇಕು. ತಪಾಸಣೆಯ ದಿನ ಬೇರೆ ಕಡೆಯ ಮಕ್ಕಳನ್ನು ತಂದು ಕೂರಿಸುವುದು ನಮ್ಮಲ್ಲಿ ಹೊಸದಲ್ಲ. ಮುಕ್ಕಾಲು ಮೈಲು ದೂರದ ತೋಟದ ಮನೆಯಿಂದ ಮಾಬೂಬಿ ಎಂಬ ಏಳು ವರ್ಷದ ಹುಡುಗಿಯನ್ನು ಕರೆತಂದಿದ್ದೆವು. ಯಾವ ಹೆಸರಿಗೆ ಏಳಬೇಕು, ಯಾರ ಮಗಳೆಂದು ಕೇಳಿದರೆ ಏನು ಹೇಳಬೇಕು ಎಂದು ಹಿಂದಿನ ದಿನ ಒಂದು ತಾಸು ಕೂತು ಕಲಿಸಿದವನು ನಾನೇ. ಜಾಣ ಹುಡುಗಿ, ಬೇಗ ಕಲಿತಳು.

ಸತ್ಯವ್ವ ದಿನಾಲು ಹತ್ತು ಗಂಟೆಗೆ ನೀರು ತುಂಬಿ ಹೋಗುತ್ತಾಳೆ. ಹನ್ನೊಂದಕ್ಕೆ ಬರಬೇಕಾದ ಸಾಹೇಬರು ಅಂದು 9-40ಕ್ಕೇ ಬಂದರು. ನಾನು ಶೇವಂತೆವ್ವನ ಹೆಸರು ಕೂಗಿದಾಗ ಸತ್ಯವ್ವ ಬಾಗಿಲಿನಿಂದ ಆರು ಅಡಿ ದೂರದಲ್ಲಿ ಕೊಡ ಇಳಿಸುತ್ತಿದ್ದಳು. ಮಾಬೂಬಿ ಎದ್ದು ಹಾಜರ ಎಂದಳು. ಸತ್ಯವ್ವ ಒಳಗೆ ಬಂದು ಅವಳ ಎದುರಿಗೆ ಕೂತು ಕೇಳಿದಳು:

“ನೀ ಯಾರ ಮಗಳವ್ವಾ?”

ಹುಡುಗಿ ನಾನು ಕಲಿಸಿದಂತೆಯೇ ಹೇಳಿದಳು:

“ಸತ್ಯವ್ವನ ಮಗಳ್ರಿ.”

ತಾಯಿ ಮಗಳ ಆಟವೆಂದು ತಿಳಿದು ಸಾಹೇಬರು ನಕ್ಕರು. ಸತ್ಯವ್ವ ಆ ಹುಡುಗಿಯ ತಲೆ ಸವರಿ ಹೊರಗೆ ಹೋದಳು. ಸಾಹೇಬರು ನಲವತ್ತು ಎಂದು ಬರೆದು, 11-30ಕ್ಕೆ ಹೊರಟರು.

12-15ಕ್ಕೆ ಸತ್ಯವ್ವ ನನ್ನ ಬಳಿ ಬಂದು ಹಾಜರಿ ಪುಸ್ತಕದಲ್ಲಿ ಆ ಹೆಸರು ತೋರಿಸಲು ಕೇಳಿದಳು. ಅವಳಿಗೆ ಓದು ಬಾರದು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವಳು ಸಾಲಿನ ಮೇಲೆ ಬೆರಳಾಡಿಸಿ, ಗಂಡ ಹುಚ್ಚಪ್ಪನಿಗೆ ತೋರಿಸಿ ತರುತ್ತೇನೆ, ಪುಸ್ತಕ ಒಂದು ದಿನ ಕೊಡಿ ಎಂದಳು.

“ಅಕಿ ಹೆಸರ ಬ್ಯಾರೆ ಎಲ್ಲೂ ಬರದಿಲ್ರಿ, ಮಾಸ್ತರ.”

ಪುಸ್ತಕವನ್ನು ನಾನೇ ಅವಳ ಕೈಗೆ ಕೊಟ್ಟೆ.

ನಿನ್ನೆ ಮುಖ್ಯ ಶಿಕ್ಷಕರು ಪುಸ್ತಕ ಕಳುವಾಗಿದೆಯೆಂದು ಸತ್ಯವ್ವನ ಮೇಲೆ ಫಿರ್ಯಾದು ಕೊಟ್ಟರು. ಹೊರಗಿನವರು ಯಾರಾದರೂ ಅದನ್ನು ಓದಿಯಾರೆಂಬ ಹೆದರಿಕೆ ಅವರಿಗೆ. ನಾನೂ ಕಳುವೆಂದೇ ಹೇಳಬೇಕು, ಇಲ್ಲದಿದ್ದರೆ ನನ್ನ ನೌಕರಿ ಉಳಿಯುವುದಿಲ್ಲ ಎಂದರು. ಆ ಮಾತು ನಿಜವೇ. ಅವರು ಕೆಟ್ಟವರಲ್ಲ, ಅವರಿಗೂ ಪೂರ್ತಿ ಪಗಾರ ಸಿಗುವುದಿಲ್ಲ.

ಸತ್ಯವ್ವನನ್ನು ಇಂದು ಮುಂಜಾನೆಯಿಂದ ಠಾಣೆಯ ಕಟ್ಟೆಯ ಮೇಲೆ ಕೂರಿಸಲಾಗಿದೆ. ಅವಳು ಕದ್ದಿಲ್ಲ. ಮೇಜಿನ ಮೇಲಿರುವ ಹಾಜರಿ ಪುಸ್ತಕವನ್ನು ನನಗೆ ತೋರಿಸಿದ್ದು, ಜುಲೈ 10ರಿಂದ ಈಚೆಗೆ ಶೇವಂತೆವ್ವನ ಹೆಸರಿನ ಮುಂದಿರುವ ‘ಹಾ’ಗಳೆಲ್ಲ ನನ್ನ ಕೈಬರಹ. ಅವಳನ್ನು ಮನೆಗೆ ಕಳುಹಿಸಿ, ಅಲ್ಲಿ ನನ್ನನ್ನು ಕೂರಿಸಬೇಕು.

ಜಪ್ತಿಯಾದ ಪುಸ್ತಕವನ್ನು ಅವಳಿಗೆ ಮರಳಿ ಕೊಡಲು ಬರುವುದಿಲ್ಲ ಎಂದು ತಿಳಿಸಿದ್ದೀರಿ. ಆದ್ದರಿಂದ ಜಮಾದಾರರಲ್ಲಿ ಒಂದು ಬಿಳಿ ಹಾಳೆ ಕೇಳಿ ಪಡೆದು, ಆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಸಹಿಯಾದ ಮೇಲೆ ಅವಳಿಗೆ ಕೊಡುತ್ತೇನೆ. ಹೆಸರಿನ ಮುಂದೆ ಏನೂ ಬರೆದಿಲ್ಲ.

ಮೇಲಿನದನ್ನು ನನಗೆ ಓದಿ ಹೇಳಿದ್ದು, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಧಾರವಾಡ
ದಿನಾಂಕ: 14-12-1962, ಮಧ್ಯಾಹ್ನ 2-20
ಸಹಿ: ನೀಲಪ್ಪ ಹನುಮಪ್ಪ