ನನ್ನ ಕೂಗಿದ್ರಾ?

ಮೊದಲು ಆ ಕಿಟಕಿ ಹಾಕಿ ಬನ್ನಿ. ಹಾಗೆ ಬಡಕೊಳ್ತಾ ಇದ್ದರೆ ನನಗೆ ಹೇಳೋಕಾಗಲ್ಲ... ಹಾಂ, ಈಗ ಕೇಳಿ.

ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ನನಗಿಂತ ದೊಡ್ಡವಳು, ಅಕ್ಕ ಅಂತಲೇ ಕರೆಯೋದು. ಸರ್ಕಾರಿ ವಕೀಲೆ, ಅದೂ ಮಕ್ಕಳ ಕೋರ್ಟಿನಲ್ಲಿ. ಮಕ್ಕಳ ಮೈಮೇಲೆ ಕೈ ಹಾಕಿದ ಪಾಪಿಗಳ ವಿಚಾರಣೆ ನಡೆಯುತ್ತದಲ್ಲ, ಆ ಕೋರ್ಟು. ದೆವ್ವ ಅಂದರೆ ಮೂಗು ಮುರಿಯುವ ಹೆಂಗಸು ಅವಳು. "ದಿನಾ ಕಟಕಟೆಯಲ್ಲಿ ನೋಡೋ ಮನುಷ್ಯರೇ ಸಾಕಾಗಿದ್ದಾರೆ, ದೆವ್ವ ಬೇರೆ ಯಾಕೆ?" ಅನ್ನುತ್ತಿದ್ದಳು. ಅಂಥವಳಿಗೆ ಆದದ್ದು.

ಆ ರಾತ್ರಿ ಅವಳು ಕೋರ್ಟಿನಿಂದ ಹೊರಟಾಗ ಬೀದಿಯ ಅಂಗಡಿಗಳೆಲ್ಲ ಬಾಗಿಲು ಎಳೆದಿದ್ದವು. ಕೋರ್ಟಿನ ಹಿಂದೆ ಒಂದು ಓಣಿ. ಓಣಿಯ ತಿರುವಿನಲ್ಲಿ ಆಲದ ಮರ, ಮರದ ಪಕ್ಕ ಹಾಳುಬಾವಿ, ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ. ಆಲದ ಎಲೆ ಉದುರಿ ಜಾಲರಿಯ ಮೇಲೆ ಬಿದ್ದರೆ 'ಚರ್' ಅನ್ನುತ್ತದೆ. ಮನೆಗೆ ಅದೇ ಹತ್ತಿರದ ದಾರಿ. ಅಕ್ಕ ಆ ದಾರಿ ಹಿಡಿದಳು. ಅವಳಿಗೆ ಭಯ ಇರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ಯಾಕೆ ಉರಿ ಅಂತ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ.

ಒಂದು ಪುಟ್ಟ ಹುಡುಗಿಯ ಕೇಸು. ಎರಡನೇ ಕ್ಲಾಸು. ಆರೋಪಿ ಅವಳ ಟ್ಯೂಷನ್ ಮೇಷ್ಟ್ರು. ಮಗುವಿಗೆ ಆಗಬಾರದ್ದು ಆಗಿತ್ತು, ಅದನ್ನ ನಾನು ಬಿಡಿಸಿ ಹೇಳಲ್ಲ, ನನ್ನ ಬಾಯಿಗೆ ಬರಲ್ಲ. ಮಗು ಅಜ್ಜಿಗೆ ಹೇಳಿತು. ಅಜ್ಜಿ ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ನೇರ ಸ್ಟೇಷನ್ನಿಗೆ ಹೋಗಿ ಕೂತಳು. ಅಲ್ಲಿಗೆ ಕೇಸು ಶುರು.

ಶುರುವಾದದ್ದು ಮುಗಿಯಬೇಕಲ್ಲ! ಒಂದು ಸಲ ಜಡ್ಜ್ ರಜೆ, ವಾಯಿದೆ. ಒಂದು ಸಲ ಆರೋಪಿ ಕಡೆ ವಕೀಲನಿಗೆ ಹಲ್ಲುನೋವು, ವಾಯಿದೆ. ಒಂದು ಸಲ ಕರೆಂಟೇ ಇಲ್ಲ. ಪ್ರತಿ ಸಲವೂ ಆ ಮಗು ಸ್ಕೂಲು ಬಿಟ್ಟು, ತಲೆ ಬಾಚಿಸಿಕೊಂಡು ಬಂದು, ಸಂಜೆಯವರೆಗೆ ಕಾದು, ವಾಪಸು ಹೋಗಬೇಕು. ಮಗುವನ್ನು ಪದೇ ಪದೇ ಕರೆಸಬಾರದು ಅಂತ ಕಾನೂನಿನ ಪುಸ್ತಕದಲ್ಲಿದೆ. ಬೇಗ ಮುಗಿಸಬೇಕು ಅಂತಲೂ ಇದೆ. ಪುಸ್ತಕದಲ್ಲಿ ಏನಿಲ್ಲ ಹೇಳಿ! ಅಕ್ಕ ಹಲ್ಲು ಕಡಿದು ಕಡಿದು ದವಡೆ ನೋವು ಬರಿಸಿಕೊಂಡಿದ್ದಳು.

ಕೊನೆಗೂ ಹಿಂದಿನ ವಾಯಿದೆಯಲ್ಲಿ ಮಗುವಿನ ಸರದಿ ಬಂತು. ಅಂಥ ಮಕ್ಕಳ ಕಣ್ಣಿಗೆ ಆರೋಪಿ ಬೀಳಬಾರದು ಅಂತ ನಡುವೆ ಒಂದು ಪರದೆ ಕಟ್ಟುತ್ತಾರೆ. ಮಗು ಪರದೆಯ ಈಚೆ ಕೂತಿತು. ಜಡ್ಜ್ ಸಾಹೇಬರು ಮೆತ್ತಗೆ ಕೇಳಿದರು, "ಹೇಳು ಪುಟ್ಟಾ." ಮಗು ಬಾಯಿ ತೆರೆಯಿತು... ಮುಚ್ಚಿತು. ಅಷ್ಟೇ. ಆಮೇಲೆ ಎಷ್ಟು ಪೂಸಿ ಹೊಡೆದರೂ ಒಂದು ಅಕ್ಷರ ಇಲ್ಲ. ಮತ್ತೆ ವಾಯಿದೆ.

ಹೊರಗೆ ಅಜ್ಜಿ ಅಕ್ಕನ ಕೈ ಹಿಡಿದುಕೊಂಡು ಹೇಳಿದಳು. "ನೋಡಮ್ಮಾ, ಇವಳಪ್ಪ ರಾಜಿ ಮಾಡ್ಕೊಳ್ಳೋಣ ಅಂತ ಕೂತಿದ್ದಾನೆ. ನಾನೊಬ್ಬಳೇ ಹಟ ಮಾಡಿ ಕರ್ಕೊಂಡು ಬರ್ತಿರೋದು. ಇನ್ನೊಂದೇ ಸಲ. ಅವತ್ತೂ ಇವಳು ಬಾಯಿ ಬಿಡ್ಲಿಲ್ಲ ಅಂದ್ರೆ ನಾವು ಮತ್ತೆ ಬರಲ್ಲ."

ಆ ಇನ್ನೊಂದು ಸಲ ಅಂದರೆ ನಾನು ಹೇಳಿದ ಆ ರಾತ್ರಿಯ ಮಾರನೇ ಬೆಳಿಗ್ಗೆ. ಪರದೆ ತೆಳ್ಳಗಿತ್ತು, ಮೇಷ್ಟ್ರ ನೆರಳು ಕಂಡು ಮಗು ಹೆದರಿರಬೇಕು ಅಂತ ಅಕ್ಕನ ಲೆಕ್ಕ. ಅದಕ್ಕೇ ದಪ್ಪ ಬಟ್ಟೆ ತಂದು, ಸ್ಟೂಲು ಹತ್ತಿ, ಪರದೆಗೆ ಇನ್ನೊಂದು ಪದರ ಹೊಲಿದು ಮುಗಿಸುವಷ್ಟರಲ್ಲಿ ಅಷ್ಟು ಹೊತ್ತಾಗಿತ್ತು. ಬೆರಳೆಲ್ಲ ಸೂಜಿ ಚುಚ್ಚಿಸಿಕೊಂಡಿದ್ದಳು. ಕಾನೂನು ಓದಿದ್ದು ಪರದೆ ಹೊಲಿಯೋಕಾ ಅಂತ ತನ್ನನ್ನೇ ಬೈದುಕೊಳ್ಳುತ್ತಾ ಆಲದ ಮರದ ಹತ್ತಿರ ಬಂದಳು.

ಆಗ ಕೇಳಿಸಿತು.

ಪೀಕ್... ಪೀಕ್... ಪೀಕ್...

ನಡೆಯೋಕೆ ಕಲಿತ ಮಕ್ಕಳಿಗೆ ಸೀಟಿ ಚಪ್ಪಲಿ ಹಾಕುತ್ತಾರಲ್ಲ, ಹೆಜ್ಜೆ ಇಟ್ಟರೆ ಪೀಕ್ ಅನ್ನುತ್ತದಲ್ಲ... ಅದೇ ಶಬ್ದ. ಹಿಂದಿನಿಂದ. ಅಕ್ಕ ನಿಂತಳು. ಶಬ್ದವೂ ನಿಂತಿತು. ಎರಡು ಹೆಜ್ಜೆ ಇಟ್ಟಳು. ಪೀಕ್... ಪೀಕ್... ಮತ್ತೆ ನಿಂತಳು. ತಿರುಗಿ ನೋಡಿದಳು. ಓಣಿ ಖಾಲಿ. ಬೀದಿದೀಪದ ಬೆಳಕಿನಲ್ಲಿ ಅವಳ ನೆರಳು ಬಿಟ್ಟರೆ ಏನೂ ಇಲ್ಲ.

ವಕೀಲೆ ನೋಡಿ, ಪ್ರಶ್ನೆ ಕೇಳದೆ ಇರಲಾರಳು.

"ಯಾರದು?"

ಬಾವಿಯ ಕಡೆಯಿಂದ, ಪಿಸುದನಿ... "ಆಂಟೀ... ನನ್ನ ಕೂಗಿದ್ರಾ?"

"ಯಾರಮ್ಮಾ ನೀನು? ಇಷ್ಟು ಹೊತ್ತಲ್ಲಿ... ನಿಮ್ಮಮ್ಮ ಎಲ್ಲಿ?"

"ಕೂತಿರು ಅಂದ್ರು. ಕೂಗ್ತೀವಿ ಅಂದ್ರು."

ಜಾಲರಿಯ ಮೇಲೆ ಒಂದು ಎಲೆ ಬಿತ್ತು. ಚರ್... ಅಕ್ಕ ಬಾವಿಯ ಕಡೆ ತಿರುಗಿದಳು.

"ಆಂಟೀ... ನಾಳೆ ಅವಳು ಹೇಳಲ್ಲ."

"ಯಾರು?"

"ನನ್ನ ಪಕ್ಕ ಕೂರ್ತಾಳಲ್ಲ... ಅವಳು."

"ಯಾಕೆ ಹೇಳಲ್ಲ? ನಾನು ಪರದೆ ದಪ್ಪ ಮಾಡಿದೀನಿ ಪುಟ್ಟಾ. ಅವನು ಕಾಣಿಸಲ್ಲ."

ಪೀಕ್... ಒಂದೇ ಹೆಜ್ಜೆ. ಆಮೇಲೆ, ಕಿವಿಯ ಹತ್ತಿರವೇ, ತೀರಾ ಹತ್ತಿರ...

ಟಿಕ್... ಟಿಕ್.

ಒತ್ತುವ ಪೆನ್ನಿನ ಶಬ್ದ.

"ಕೇಳಿಸುತ್ತೆ, ಆಂಟೀ."

ಅಕ್ಕ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದಳು. ಆಗ ನೆನಪಾಯಿತು. ಹಿಂದಿನ ಸಲ ಮಗು ಬಾಯಿ ತೆರೆದಾಗ ಕೋರ್ಟು ಗಪ್‌ಚಿಪ್ ಆಗಿತ್ತು. ಆ ಮೌನದಲ್ಲಿ ಪರದೆಯ ಆಚೆಯಿಂದ ಟಿಕ್ ಟಿಕ್ ಅಂದಿತ್ತು. ಅವಳೂ ಕೇಳಿದ್ದಳು. ಯಾರೋ ಗುಮಾಸ್ತನ ಪೆನ್ನು ಅಂದುಕೊಂಡು ಸುಮ್ಮನಾಗಿದ್ದಳು. ಎಂಥ ಕರ್ಮ ನೋಡಿ! ಅಷ್ಟು ಜನ ಓದಿದವರು ಸೇರಿ ಮಗುವಿನ ಕಣ್ಣಿಗೆ ಪರದೆ ಕಟ್ಟಿದರು, ಕಿವಿ ಇದೆ ಅನ್ನೋದು ಒಬ್ಬರಿಗೂ ಹೊಳೆಯಲಿಲ್ಲ. ಅಕ್ಕ ಮಾಡಿದ್ದೇನು? ಅದೇ ಪರದೆಗೆ ಇನ್ನೊಂದು ಪದರ ಹೊಲಿದದ್ದು.

ಬೆಳಿಗ್ಗೆ ಕೋರ್ಟು ಶುರುವಾಗುತ್ತಲೇ ಅಕ್ಕ ಎದ್ದು ನಿಂತಳು. ಮಗುವಿನ ಮಾತು ಮುಗಿಯುವ ತನಕ ಆರೋಪಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಬೇಕು, ಅಲ್ಲಿಂದ ಟೀವಿಯಲ್ಲಿ ಕೇಳಲಿ, ಅವನ ಶಬ್ದ ಮಾತ್ರ ಇಲ್ಲಿಗೆ ಬರಬಾರದು ಅಂದಳು.

ಅವನ ವಕೀಲ ಎಗರಿಬಿದ್ದ. "ಪರದೆ ಇದೆಯಲ್ಲ ಸ್ವಾಮಿ! ರಾತ್ರಿಯೆಲ್ಲ ಕೂತು ದಪ್ಪ ಬೇರೆ ಮಾಡಿದಾರೆ. ಇನ್ನೇನು, ಗೋಡೆ ಕಟ್ಟಿಸಬೇಕಾ?"

"ಕಾರಣ ಹೇಳಿ ಮೇಡಂ," ಅಂದರು ಜಡ್ಜ್ ಸಾಹೇಬರು. ಅವರಿಗೂ ಸಾಕಾಗಿತ್ತು.

ಕಾರಣ ಏನು ಹೇಳೋದು? ಬಾವಿ ಹತ್ತಿರ ಯಾರೋ ಹೇಳಿದರು ಅನ್ನೋದಾ? ಅಕ್ಕ ಕಟಕಟೆಯ ಕಡೆ ಕೈ ತೋರಿಸಿದಳು.

"ಅವನ ಕೈ ನೋಡಿ ಸ್ವಾಮಿ. ಹಿಂದಿನ ಸಲ ಪರದೆ ಆಚೆ ಟಿಕ್ ಟಿಕ್ ಅಂದಿದ್ದು ಆ ಪೆನ್ನೇ. ಆರೋಪಿಗೆ ಇಲ್ಲಿ ಬರೆಯೋ ಕೆಲಸ ಏನಿದೆ?"

ಎಲ್ಲರೂ ನೋಡಿದರು. ಮೇಷ್ಟ್ರ ಬಲಗೈಯಲ್ಲಿ ಒಂದು ಪೆನ್ನು. ಹೆಬ್ಬೆರಳು ಅದರ ಗುಂಡಿಯ ಮೇಲೆ. ಎಲ್ಲರ ಕಣ್ಣು ಬಿದ್ದ ಕೂಡಲೇ ಅವನು ಅದನ್ನ ಜೇಬಿಗೆ ಹಾಕಿಕೊಂಡ. ಹಾಕಿಕೊಳ್ಳದೆ ಸುಮ್ಮನಿದ್ದಿದ್ದರೆ ಜಡ್ಜ್ ಸಾಹೇಬರು ಒಪ್ಪುತ್ತಿರಲಿಲ್ಲವೋ ಏನೋ... ಆದರೆ ಹಾಕಿಕೊಂಡ. ಅವರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಆಮೇಲೆ ಅಂದರು, "ಕರ್ಕೊಂಡು ಹೋಗಿ ಪಕ್ಕದ ಕೋಣೆಗೆ."

ಇಲ್ಲಿ ಗಂಟಲಣ್ಣನ ವಿಷಯ ಹೇಳಬೇಕು. ಕೋರ್ಟಿನಲ್ಲಿ ಹೆಸರು ಕೂಗುವ ಅಟೆಂಡರ್ ಅವನು. ಅವನು ಕೂಗಿದರೆ ಪಕ್ಕದ ಬೀದಿಯವರೂ 'ಬಂದೇ' ಅನ್ನಬೇಕು, ಅಂಥ ಗಂಟಲು. ಆದರೆ ಮಕ್ಕಳ ಕೋರ್ಟಿನಲ್ಲಿ ಅದಕ್ಕೆ ಬೀಗ. ಮಗುವಿನ ಹೆಸರು ನಾಲ್ಕು ಜನರ ಕಿವಿಗೆ ಬೀಳಬಾರದಲ್ಲ, ಅದಕ್ಕೆ ಸದ್ದಿಲ್ಲದೆ ಹೋಗಿ ಮಕ್ಕಳ ಕೋಣೆಯ ಬಾಗಿಲು ತಟ್ಟಿ, 'ಬಾ ಪುಟ್ಟಾ' ಅನ್ನಬೇಕು. ಆ ಕೋಣೆಯಲ್ಲಿ ಒಂದು ಮೇಜು, ಎರಡು ಪುಟ್ಟ ಪ್ಲಾಸ್ಟಿಕ್ ಕುರ್ಚಿ, ಒಂದು ಡಬ್ಬಿ ಬಣ್ಣದ ಕಡ್ಡಿ. ಸಂಜೆ ಕಸ ಗುಡಿಸುವವಳು ಕುರ್ಚಿ ಎರಡನ್ನೂ ಮೇಜಿನ ಮೇಲೆ ಮಗುಚಿ, ಬೀಗ ಹಾಕಿ ಹೋಗುತ್ತಾಳೆ.

ಗಂಟಲಣ್ಣ ಹೋಗಿ ಮಗುವನ್ನು ಕರೆತಂದ. ಮಗು ಪರದೆಯ ಈಚೆ ಕೂತಿತು. ಅಜ್ಜಿ ಬೆನ್ನ ಹಿಂದೆ. ಕೋರ್ಟು ಸ್ತಬ್ಧ... ಫ್ಯಾನು ಮಾತ್ರ ಗರ್ ಗರ್ ಅನ್ನುತ್ತಿತ್ತು. ಮಗು ಕಿವಿಗೊಟ್ಟು ಕೂತಿತ್ತು, ಅಕ್ಕ ನೋಡಿದಳು, ಅದು ಆ ಶಬ್ದಕ್ಕೇ ಕಾಯುತ್ತಿತ್ತು. ಬರಲಿಲ್ಲ. ಇನ್ನೂ ಸ್ವಲ್ಪ ಕಾಯಿತು. ಬರಲೇ ಇಲ್ಲ.

"ಮೇಷ್ಟ್ರು ಪೆನ್ನು ಟಿಕ್ ಟಿಕ್ ಅನ್ಸಿದ್ರೆ," ಅಂದಿತು ಮಗು, "ಮಿಕ್ಕವರೆಲ್ಲ ಮನೆಗೆ ಹೋಗ್ಬೇಕು. ನಾನು ಮಾತ್ರ ಕೂತಿರ್ಬೇಕು."

ಆಮೇಲೆ ಎಲ್ಲ ಹೇಳಿತು. ಒಂದೂ ಬಿಡದೆ. ಅಜ್ಜಿ ಬಾಯಿಗೆ ಕೈ ಒತ್ತಿಕೊಂಡು ಕೂತಿದ್ದಳು. ಅಕ್ಕನಿಗೆ ಅಳು ಬಂತು, ಸಿಟ್ಟೂ ಬಂತು. ಒಂದು ಪೆನ್ನಿನಿಂದ ಕೇಸೇ ಬಿದ್ದುಹೋಗುತ್ತಿತ್ತಲ್ಲ!

ನಡುವೆ ಒಂದು ಸಲ ಜಡ್ಜ್ ಸಾಹೇಬರು ತಲೆ ಎತ್ತಿದರು. ಹುಬ್ಬು ಗಂಟು ಹಾಕಿದರು.

"ಅದ್ಯಾರ್ರೀ ಚಿಕ್ಕ ಮಗುನ ಒಳಗೆ ಬಿಟ್ಟಿದ್ದು? ಚಪ್ಪಲಿ ಪೀಕ್ ಪೀಕ್ ಅಂತಿದೆ. ಹೊರಗೆ ಕರ್ಕೊಂಡು ಹೋಗಿ."

ಒಳಗೆ ಬೇರೆ ಯಾವ ಮಗುವೂ ಇರಲಿಲ್ಲ.

ಗಂಟಲಣ್ಣನ ಮುಖದಲ್ಲಿ ರಕ್ತ ಇಳಿದುಹೋಯಿತು. ಹೊರಗೆ ಬಂದಮೇಲೆ ಅಕ್ಕ ಅವನನ್ನು ಮೂಲೆಗೆ ಎಳೆದಳು. ಆ ಗಂಟಲಿನಿಂದ ಅಂಥ ಸಣ್ಣ ದನಿ ಅವಳು ಯಾವತ್ತೂ ಕೇಳಿರಲಿಲ್ಲ.

"ನೀವು ಬರೋಕೆ ಮುಂಚೆ ಮೇಡಂ... ಒಂದು ಮಗು ಇತ್ತು. ಇನ್ನೂ ಸ್ಕೂಲಿಗೂ ಹಾಕಿರಲಿಲ್ಲ. ಇಂಥದ್ದೇ ಕೇಸು, ಆರೋಪಿ ಬೇರೆ. ಸೀಟಿ ಚಪ್ಪಲಿ ಹಾಕ್ಕೊಂಡು ಬರ್ತಿತ್ತು. ಬಂದಾಗೆಲ್ಲ ವಾಯಿದೆ. ಕಾದು ಬೇಜಾರಾದ್ರೆ ಹಿಂದಿನ ಓಣೀಲಿ, ಆ ಬಾವಿ ಹತ್ತಿರ ಆಡ್ಕೊಂಡಿರೋದು. ಬಾಗಿಲಲ್ಲಿ ಇಣುಕಿ ನನ್ನ ಕೇಳೋದು, 'ಮಾಮಾ, ನನ್ನ ಕೂಗಿದ್ರಾ?' ಅಂತ. 'ಇನ್ನೂ ಇಲ್ಲ ಪುಟ್ಟಾ, ಕೂತಿರು' ಅಂತಿದ್ದೆ."

"ಆಮೇಲೆ?"

"ಜ್ವರ ಬಂದು ತೀರ್ಕೊಂಡ್ಬಿಡ್ತು ಮೇಡಂ. ಸಾಕ್ಷಿನೇ ಇಲ್ಲ ಅಂತ ಕೇಸು ಬಿದ್ದುಹೋಯ್ತು. ಅವನು ಇವತ್ತಿಗೂ ಇದೇ ಊರಲ್ಲಿ ಆರಾಮಾಗಿ ಓಡಾಡ್ಕೊಂಡಿದ್ದಾನೆ."

ಅಷ್ಟರಲ್ಲಿ ಅಜ್ಜಿ ಮಗುವನ್ನು ಕರೆದುಕೊಂಡು ಬಂದಳು. ಮಗು ಅಕ್ಕನ ಸೆರಗು ಜಗ್ಗಿತು.

"ಆಂಟಿ, ನಂದು ಆಯ್ತಲ್ಲ... ಅವಳದು ಯಾವಾಗ?"

ಅಕ್ಕ ಮಕ್ಕಳ ಕೋಣೆಯ ಕಡೆ ತಿರುಗಿ ನೋಡಿದಳು.

ಮೇಷ್ಟ್ರಿಗೆ ಶಿಕ್ಷೆ ಆಯಿತು. ಅದಕ್ಕೂ ಇನ್ನೆಷ್ಟೋ ವಾಯಿದೆ ಬಿತ್ತು ಬಿಡಿ, ಆದರೂ ಆಯಿತು, ಈಗ ಕಂಬಿ ಎಣಿಸುತ್ತಿದ್ದಾನೆ. ಅಕ್ಕ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಆ ಹಳೇ ಕೇಸು ಮತ್ತೆ ತೆಗೆಸೋಕೆ ಕಂಡಕಂಡವರ ಬಾಗಿಲು ತಟ್ಟಿದಳು. ಎಲ್ಲರೂ ಒಂದೇ ಪ್ರಶ್ನೆ ಕೇಳಿದರು, "ಸಾಕ್ಷಿ ಎಲ್ಲಿ?" ಅಂತ. ಇದ್ದಾಳೆ, ಕಾಯುತ್ತಾ ಕೂತಿದ್ದಾಳೆ ಅಂದರೆ ಯಾವ ಕೋರ್ಟು ಕೇಳುತ್ತೆ? ಅವಳು ಇದನ್ನ ನನಗೆ ಹೇಳುವಾಗ ಹೆದರಿಕೆಯಿಂದ ನಡುಗಲಿಲ್ಲ, ಸಿಟ್ಟಿನಿಂದ ನಡುಗಿದಳು.

ನಗಬೇಡಿ. ಇದು ನಡೆದದ್ದೇ, ಕಟ್ಟಿ ಹೇಳಿ ನನಗೇನಾಗಬೇಕು? ಕಸ ಗುಡಿಸುವವಳನ್ನೇ ಕೇಳಿ ಬೇಕಾದರೆ. ಈಗಲೂ ಸಂಜೆ ಕುರ್ಚಿ ಎರಡನ್ನೂ ಮೇಜಿನ ಮೇಲೆ ಮಗುಚಿ, ಬೀಗ ಹಾಕಿ ಹೋಗುತ್ತಾಳೆ. ಬೆಳಿಗ್ಗೆ ಬೀಗ ತೆಗೆದರೆ ಒಂದು ಮೇಜಿನ ಮೇಲೇ ಇರುತ್ತದೆ. ಇನ್ನೊಂದು ಕೆಳಗೆ... ಬಾಗಿಲ ಕಡೆ ಮುಖ ಮಾಡಿಕೊಂಡು.