ಹುರುಳಿ ಹೊಟ್ಟು ತಿಂದ ಕಾರು

ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕ್ಬ್ಯಾಡ ಕಣವ್ವ, ಮುಖ ಸುಟ್ಕತೀಯ. ಅದು ಆರ್ಲಿ. ಕೌದಳ್ಳಿಯಿಂದ ಬರೋದ್ರೊಳಗೆ ಕಾರು ಕಾದು ಹಬೆ ಬಿಡ್ತು ಅಂತ ಅಳುಮೋರೆ ಮಾಡ್ಕಂಡಿದ್ದೀಯಲ್ಲ, ಬಾ, ಜಗ್ಲಿ ಮೇಲೆ ಕೂತ್ಕೊ. ನೀರು ಕಮ್ಮಿ ಆದ್ರೂ ಕಾಯ್ತದೆ, ಪೈಪು ಸೀಳಿದ್ರೂ ಕಾಯ್ತದೆ, ಫ್ಯಾನ್ ಬೆಲ್ಟು ಸಡ್ಲ ಆದ್ರೂ ಕಾಯ್ತದೆ. ನಂದು ಕಾದದ್ದು ಇದ್ಯಾವುದ್ಕೂ ಅಲ್ಲ. ನಿಮ್ಮಜ್ಜಿಯಿಂದ. ಅಲ್ಲ, ತಪ್ಪು ಹೇಳ್ದೆ. ನನ್ನಿಂದ್ಲೇ.

ಆಗ ನಂಗೆ ಮೊದಲ್ನೇ ಕೆಲ್ಸ. ಕೊಳ್ಳೇಗಾಲದ ಸಾವ್ಕಾರ್ರೊಬ್ರ ಬಾಡಿಗೆ ಕಾರು ಓಡಿಸ್ತಿದ್ದೆ. ಓದು ಇಲ್ಲ, ಹೊಲ ಒಂದು ತುಂಡು. ಕೈಲಿ ಸ್ಟೇರಿಂಗು ಇದ್ರೆ ಮನೇಲಿ ಮುದ್ದೆ. ಆ ವರ್ಷ ಒಕ್ಕಣೆ ಕಾಲ್ದಲ್ಲಿ, ಬೆಟ್ಟದ ಏರು ಹತ್ತೋವಾಗ, ಇಂಜಿನ್ನು ಕುದಿಯೋಕೆ ಶುರುವಾಯ್ತು. ಮೆಕ್ಯಾನಿಕ್ಕು ನೀರು ನೋಡ್ದ, ಸರಿ ಅದೆ. ಬೆಲ್ಟು ಬದ್ಲಾಯಿಸ್ದ. ಪಂಪು ಬಿಚ್ಚಿದ, ಅದೂ ಸರಿ ಅದೆ. ಮಾರ್ನೇ ದಿನ ಮತ್ತೆ ಕುದೀತು. ಸಾವ್ಕಾರ್ರು ಮೆಕ್ಯಾನಿಕ್ಕಿಗೂ ಬೈದು, ನಂಗೆ, "ಲೇ, ಇನ್ನೊಂದ್ಸಲ ಕುದಿಸ್ಕಂಡು ಬಂದ್ರೆ ಬೀಗದ ಕೈ ಮಡಗ್ಬುಟ್ಟು ಮನೆಗೋಗು," ಅಂದ್ರು.

ಬಂಡಳ್ಳಿ ರಸ್ತೇಲಿ ನಿಮ್ಮಜ್ಜಿ ಹುರುಳಿ ಗಿಡ ಹರಡಿದ್ಲು, ಆಗಿನ್ನೂ ನಮ್ಗೆ ಮದ್ವೆ ಆಗಿರ್ಲಿಲ್ಲ. ಗಾಡಿ ತುಳಿದ್ರೆ ಕಾಳು ಬಿಡ್ತದಲ್ಲ. ಗಾಡಿ ಕಮ್ಮಿ ಆಗ. ಅದ್ಕೆ ಬಾಡಿಗೆ ಇಳಿಸಿ ವಾಪಸ್ ಬರ್ತಾ ನಾನೇ ಅದರ ಮೇಲೆ ಹಿಂದಕ್ಕೆ ಮುಂದಕ್ಕೆ ಓಡಿಸೋನು. ಮೂರು ಸಲ, ನಾಕು ಸಲ. "ಸಾಕು ಬುಡಿ, ಎತ್ತಾಗಿದ್ರೆ ಇಷ್ಟೊತ್ಗೆ ಮಲಗ್ಬುಡ್ತಿತ್ತು," ಅಂತ ನಗೋಳು. ನಗ್ತಾಳಲ್ಲ ಅಂತ ಇನ್ನೊಂದು ಸುತ್ತು ನಾನು.

ಸಾವ್ಕಾರ್ರು ಬೈದ ಮಾರ್ನೇ ದಿನ ಅಲ್ಲೇ ಕುದೀತು. ತಲೆ ಮೇಲೆ ಕೈ ಹೊತ್ಕಂಡು ನಿಂತೆ. ಅವಳು ನೀರಿನ ಬಿಂದಿಗೆ ತಕಂಡು ಬಂದ್ಲು, ಕಾರಿನ ಮುಂದೆ ಬಗ್ಗಿದ್ಲು.

"ಇಲ್ನೋಡಿ, ನಿಮ್ ಕಾರು ನಮ್ ಹುರುಳಿ ಹೊಟ್ಟು ತಿಂದ್ಕಂಡು ನಿಂತದೆ!"

ರೇಡಿಯೇಟರ್ ಮುಂದೆ ಗಾಳಿ ಒಳಕ್ಕೆ ಓಗೋ ಸಣ್ಣ ಸಣ್ಣ ಸಂದೆಲ್ಲ ಹೊಟ್ಟು ಮೆತ್ಕಂಡು ಗೋಡೆ ಆಗೋಗಿತ್ತು. ಎಲ್ರೂ ಒಳಗೇ ನೋಡ್ದೋ, ಮುಂದ್ಗಡೆ ಯಾರೂ ಬಗ್ಗಲಿಲ್ಲ. "ಮೂಗು ಕಟ್ಟಿದ್ರೆ ಮೈ ಕಾಯ್ದೆ ಇರ್ತದಾ?" ಅಂದ್ಲು. ಇಂಜಿನ್ನು ಆರೋಗಂಟ ಕಾಯ್ಕಂಡಿದ್ದು, ಅವಳು ಪೊರಕೆ ಕಡ್ಡೀಲಿ ಕೆರೆದ್ಲು, ನಾನು ಅದರ ಹಿಂದ್ಗಡೆಯಿಂದ ನೀರು ಹುಯ್ದೆ. ಆಮೇಲೆ ಏರು ಹತ್ತಿದ್ವಿ. ಕುದೀಲಿಲ್ಲ.

"ಸಾವ್ಕಾರ್ರಿಗೆ ಹೇಳ್ಬ್ಯಾಡ," ಅಂದೆ.

"ಆ ಮೆಕ್ಯಾನಿಕ್ಕು ಸುಮ್ನೆ ಬೈಸ್ಕತಾವ್ನೆ. ಹೇಳ್ಬೇಕು," ಅಂದ್ಲು.

ಕೊಳ್ಳೇಗಾಲಕ್ಕೆ ಬಂದ್ಲು. ಸೆರಗಿಂದ ಒಂದು ಹಿಡಿ ಹೊಟ್ಟು ತಗ್ದು ಅವರ ಮೇಜಿನ ಮೇಲೆ ಹಾಕಿ, "ಕಾರು ಕುದ್ದದ್ದು ಇದ್ಕೆ ಸಾ, ನಮ್ದೇ ತಪ್ಪು," ಅಂದ್ಲು. ನಾನು ಬೀಗದ ಕೈ ಹಿಡ್ಕಂಡು ನಿಂತಿದ್ದೆ. ಅವ್ರು ಹೊಟ್ಟು ನೋಡಿದ್ರು, ನನ್ನ ನೋಡಿದ್ರು. "ಲೇ, ನನ್ ಕಾರಲ್ಲಿ ಒಕ್ಕಣೆ ಮಾಡ್ದ್ಯಾ!" ಅಂತ ಜೋರಾಗಿ ನಕ್ಬುಟ್ರು. "ಹುರುಳಿ ಸಾರು ಮಾಡ್ದಾಗ ನಮ್ಮನೆಗೂ ಕಳ್ಸವ್ವ. ಓಗ್ಲಾ, ಬೀಗದ ಕೈ ಜೇಬಲ್ಲಿ ಮಡಿಕ್ಕೊ."

ಹೋದ ವರ್ಷ ಅವಳು ಹೋದ್ಲು. ಈ ಸಲ ಆ ರಸ್ತೇಲಿ ಹುರುಳಿ ಬೇರೆ ಯಾರೋ ಹರಡವ್ರೆ. ನೀನೂ ಅದರ ಮೇಲೇ ಬಂದೆ ತಾನೆ? ನಗ್ಬ್ಯಾಡ. ಓಗು, ಒಳಗೆ ಅವಳ ಪೊರಕೆ ಅದೆ, ಒಂದು ಕಡ್ಡಿ ಕಿತ್ಕಂಡು ಬಾ. ಏನೇ ಬಿಚ್ಚೋ ಮುಂಚೆ ಮುಂದ್ಗಡೆ ಬಗ್ಗಿ ನೋಡ್ಬೇಕು ಕಣವ್ವ, ಅಷ್ಟೇ.