ಅಪ್ಪ ಬಿಟ್ಟ ಒಂದು ಈಚಲ ಗಿಡ

ಬಂದೂಕಲ್ಲಲೇ ಮೊಮ್ಮಗನ, ಕೊಡಲಿ ಹಿಡಿದಿದ್ರು. ಬರಕೋ ನಿನ್ನ ಸಾಲಿ ಭಾಷಣದಾಗ, ನಮ್ಮ ಕಲ್ಲೂರು ಕಡೆ ಮೊದಲನೇ ಲಡಾಯಿ ಈಚಲ ಗಿಡದ ಮ್ಯಾಲ ಆತು ಅಂತ. ನಗಬ್ಯಾಡ. ಆ ಕಡೆ ಹಿಂದೂಸ್ತಾನಕ್ಕ ಸ್ವಾತಂತ್ರ್ಯ ಬಂದಿತ್ತು, ನಮಗಿಲ್ಲ, ನಾವಿನ್ನೂ ನವಾಬನ ರಾಜ್ಯದಾಗ. ಅವನ ಜವಾನ್ರು ಬೆಳೆದ ಜ್ವಾಳ ಲೆವಿ ಅಂತ ಬಳಕೊಂಡು ಹೋಗೋರು, ಮೂರು ಬಣ್ಣದ ಝಂಡಾ ಹಿಡಿದ್ರ ಬಡಿಯೋರು. ನಮ್ಮಪ್ಪ ಸೇಂದಿ ಇಳಿಸಾಂವ, ಗೊತ್ತದಲ್ಲ, ಹಳ್ಳದ ದಂಡಿಗೆ ನಲವತ್ತು ಗಿಡ, ಅಲ್ಲ, ನಲವತ್ತಿಲ್ಲ, ಮೂವತ್ತರ ಮ್ಯಾಲ. ಗಡಿ ಆಚೆ ಶಿಬಿರ ಹಾಕ್ಕೊಂಡು ನವಾಬನ ಮ್ಯಾಲ ಹೋರಾಡ್ತಿದ್ದ ಹುಡುಗ್ರು ಬಂದು, 'ಯಪ್ಪಾ, ಸೇಂದಿ ಸುಂಕದಾಗ ನವಾಬ ಗುಂಡು ಕೊಳ್ತಾನ, ಆ ಗುಂಡು ನಮ್ಮ ಎದಿಗೇ ಬರ್ತದ, ಗಿಡ ಕಡೀಬೇಕು' ಅಂದ್ರು. ಅಪ್ಪ ಹಳ್ಳದ ದಂಡಿಗೆ ಹೋಗಿ ಒಂದೊಂದು ಗಿಡ ಮುಟ್ಟಿ ಬಂದ. ಆಮ್ಯಾಲ, 'ನಿಮಗ ಕಡಿಯಾಕ ಬರಂಗಿಲ್ಲ, ತರ್ರಿ ಇಲ್ಲಿ ಕೊಡಲಿ' ಅಂದ. ಸಂತಿ ದಿನ, ಊರು ಖಾಲಿ ಇದ್ದಾಗ, ತಾ ಏರಿ ಇಳಿದ ಗಿಡ ತಾನೇ ಮುಂದ ನಿಂತು ಕಡಿದ. ನಾ ಆಗ ಹತ್ತು ವರ್ಷದಾಕಿ. ಒಂದು ಗಿಡದ ರಸ ಭಾಳ ಸಿಹಿ, ದಿನಾ ಮುಂಜಾನಿ ಅಪ್ಪ ನನಗಂತ ಚರಿಗಿ ತುಂಬ ತರಾಂವ. ಆ ಗಿಡ ತಬ್ಬಿಕೊಂಡು ಅತ್ತೆ, 'ಇದೊಂದು ಬಿಡಪ್ಪಾ.' ಬಿಟ್ಟ. ಬಿಡಬಾರದಿತ್ತು.

ಮರುದಿನ ಜವಾನ್ರನ್ನ ಕರಕೊಂಡು ನವಾಬನ ಸುಂಕದ ಸಾಹೇಬ ಬಂದ. ಅಪ್ಪ ಕೈ ಮುಗಿದು, 'ಯಾರು ಕಡಿದ್ರೋ ತಿಳೀದ್ರೀ ಸಾಹೇಬ್ರ, ನಾ ಸಿರವಾರ ಸಂತಿಗೆ ಹೋಗಿದ್ದೆ' ಅಂದ. ನಂಬಿದ್ದ ಸಾಹೇಬ, ಖರೇನ ನಂಬಿದ್ದ. ಹೊಂಟಾಂವ ಆ ಒಂದು ಗಿಡ ನೋಡಿ ನಿಂತ. ನನ್ನ ಮುಂದ ಬಂದು ಕುಂತ, ಒಂದು ಕೈಯಾಗ ಲಾಠಿ, ಇನ್ನೊಂದು ಕೈಲೆ ನನಗ ಬತಾಸು ಕೊಟ್ಟು ನಕ್ಕ. 'ಬೇಟಿ, ಇದೊಂದು ಯಾಕ ಉಳೀತು?' ನಾ ಹೆಮ್ಮಿಲೆ ಹೇಳಿದೆ, 'ನಮ್ಮಪ್ಪ ನನಗಂತ ಬಿಟ್ಟಾನ್ರೀ.'

ಅದೇ ಗಿಡಕ್ಕ ಕಟ್ಟಿದ್ರು ಅಪ್ಪನ್ನ. ಎರಡೂ ಮೊಣಕಾಲ ಚಿಪ್ಪು ಒಡೆದ್ರು, ಗಿಡ ಏರೋ ಕಾಲು. ಬತಾಸು ನನ್ನ ಮುಷ್ಟ್ಯಾಗ ಕರಗಿ ಅಂಟು ಅಂಟು ಆಗಿತ್ತು. ಮುಂದ ಹಿಂದೂಸ್ತಾನದ ಫೌಜು ಬಂತು, ನವಾಬನ ರಾಜ್ಯ ಮುಗೀತು, ಝಂಡಾ ಏರಿಸೋ ದಿನ ಅಪ್ಪನ್ನ ಹೊತ್ತು ತಂದು ಕೂಡಿಸಿದ್ರು. ಅಪ್ಪ ಹಳ್ಳದ ಗಿಡ ಕಡಿದಾಗಲೇ ಊರಿನ ಅಂಜಿಕಿ ಹೋತು ಅಂದ್ರು ಎಲ್ಲಾರೂ. ಹೋಗಿರಬೇಕು. ಅಪ್ಪ ಸಾಯೋತನಕ ತೆವಳಿದ, 'ಯಾಕ ಹೇಳಿದಿ' ಅಂತ ಒಂದು ದಿನಾನೂ ನನ್ನ ಕೇಳಲಿಲ್ಲ. ಬೈದಿದ್ರ ನನಗ ಹಗುರ ಆಗ್ತಿತ್ತು. ಅದಕ್ಕ ಹೇಳ್ತೀನಿ, ಯಾರರ ನಕ್ಕೊಂತ ತಿನ್ನಾಕ ಕೊಟ್ರ, ಅವರ ಇನ್ನೊಂದು ಕೈಯಾಗ ಏನದ ನೋಡಿ ಬಾಯಿ ತೆಗಿ. ಏಳಿನ್ನ, ಅನ್ನ ಆರಾಕತ್ತದ.